ಹೇನಿಗೆ ಹಾಕಿದ ವಿಷ ಯಾರ ತಲೆಗೆ?

ಹೇನಿನ ಬಗ್ಗೆ ಬರೆಯುವುದೂ ಒಂದು ಬರವಣಿಗೆಯೇ ಎಂದು ಕೇಳುವವರಿದ್ದಾರೆ. ಕೇಳಲಿ. ಮಲ್ಲಿಗೆ ಮುಡಿದ ಹೆರಳಿನ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಆ ಹೆರಳಿನೊಳಗೆ ಹರಿದಾಡುವುದರ ಬಗ್ಗೆ ಬರೆಯಲು ನಾವೇ ಬರಬೇಕಾಯಿತು. ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಸರ್ಟಿಫಿಕೇಟು ಕಂಡವರು ನಾವು. ಅದಕ್ಕೂ ಮೊದಲು ನಮ್ಮ ತಲೆಗಳನ್ನು ನಮ್ಮವ್ವಂದಿರು ತಮ್ಮ ಮೊಣಕಾಲುಗಳ ನಡುವೆ ಹಿಡಿದುಕೊಂಡು ಹೇನು ಕುಕ್ಕಿದ್ದರು. ಎರಡೂ ನಿಜ. ಒಂದನ್ನು ಗೋಡೆಗೆ ತೂಗುಹಾಕಿ ಇನ್ನೊಂದನ್ನು ಮುಚ್ಚಿಡುವುದು ನಮ್ಮಿಂದಾಗದು.

ಹೋದ ಬೇಸಿಗೆಗೆ ಮುಂಚೆ ನಮ್ಮ ಕೇರಿಯಲ್ಲಿ ನಡೆದದ್ದು ಹೇಳುತ್ತೇವೆ. ಆರು ವರ್ಷದ ಹೆಣ್ಣುಮಗು. ಒಂದನೇ ಕ್ಲಾಸು. ಪಕ್ಕದಲ್ಲಿ ಕೂತ ಊರೊಳಗಿನ ಹುಡುಗಿಯ ತಲೆಗೂ ಹೇನು ಬಂದಿತೆಂದು ದೂರು ಹೋಯಿತು. "ನಿನ್ ತಲೇಲಿ ಹೇನವೆ, ಆ ಕಡೆ ಹೋಗಿ ಕೂತ್ಕೊ" ಅಂದರು. ಮಗು ಮೂರು ದಿನ ಬಾಗಿಲ ಬಳಿ ಒಂಟಿಯಾಗಿ ಕೂತಿತು. ನಾಲ್ಕನೇ ದಿನ ಶಾಲೆಗೆ ಹೋಗೋದೇ ಇಲ್ಲ ಅಂತ ಅತ್ತಿತು. ಅವ್ವ ಟೊಮೆಟೊ ತೋಟದ ಕೂಲಿಯಾಳು. ಗಿಡಕ್ಕೆ ಹೊಡೆದು ಮಿಕ್ಕಿದ್ದ ಔಷಧಿ ಸೀಸೆಯ ತಳದಲ್ಲಿ ಒಂದಿಷ್ಟಿತ್ತು. ಅದನ್ನು ತಂದಳು. ಕೊಬ್ಬರಿ ಎಣ್ಣೆಗೆ ಬೆರೆಸಿದಳು. ಕೆರೆದು ಕೆರೆದು ಹುಣ್ಣಾಗಿದ್ದ ನೆತ್ತಿಗೆ ತಿಕ್ಕಿ, ಹಳೇ ಸೀರೆ ತುಂಡು ಬಿಗಿದು ಮಲಗಿಸಿದಳು.

ಕೋಳಿ ಕೂಗುವ ಹೊತ್ತಿಗೆ ಮಗುವಿನ ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು. ವಾಂತಿ, ಬೆವರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಆಟೋದಲ್ಲಿ ಎತ್ತಿಕೊಂಡು ಓಡಿದೆವು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಕೈಯವರೇ ಸೋಪು ಹಾಕಿ ಮತ್ತೆ ಮತ್ತೆ ತಲೆ ತೊಳೆಸಿದರು. ವಿಷ ಹೊಟ್ಟೆಗೆ ಹೋಗಿರಲಿಲ್ಲ. ಚರ್ಮದಿಂದಲೇ ಒಳಗೆ ಇಳಿದಿತ್ತು. ಮಗು ಬದುಕಿತು. ವರಾಂಡದಲ್ಲಿ ಗೋಡೆಗೊರಗಿ ಕೂತಿದ್ದ ಅವ್ವ ನಮಗೆ ಒಂದೇ ಮಾತನ್ನು ಮೂರು ಸಲ ಹೇಳಿದಳು:

"ಹೇನಿಗೆ ಹಾಕ್ದೆ ಕಣಪ್ಪ. ಮಗೀಗೆ ಹಾಕ್ನಿಲ್ಲ."

ಈ ಮಾತು ನಮ್ಮನ್ನು ಇವತ್ತಿಗೂ ಬಿಟ್ಟಿಲ್ಲ. ನೆಗಡಿ ಅಂತ ಮೂಗು ಕೊಯ್ದುಕೊಂಡ ಕಥೆ ಇದು ಎಂದು ನಗುವವರು ನಗಬಹುದು. ಅವಿದ್ಯಾವಂತೆ ಎಂದು ಬೈಯುವವರೂ ಇದ್ದರು, ಬೈದರು. ನಾವು ಕೇಳುವುದು ಬೇರೆ. ಆ ವಿಷ ಸುರಿದ ಕೈ ಒಂದೇ ಕೈಯೇ? ಬಾಗಿಲ ಬಳಿ ಕೂರಿಸಿದ ಮಾತು, ದೂರು ಕೊಟ್ಟ ಬಾಯಿ, ವಿಷದ ಸೀಸೆಯನ್ನು ಬೀಗವಿಲ್ಲದೆ ಬಿಟ್ಟ ತೋಟ, ಇವೆಲ್ಲ ಆ ಕೈಯೊಳಗೆ ಇರಲಿಲ್ಲವೇ? ಒಬ್ಬ ತಾಯಿ ಹೇನನ್ನು ಕೊಲ್ಲಲು ವಿಷ ಹಾಕಿದಳೋ, ಅವಮಾನವನ್ನು ಕೊಲ್ಲಲು ಹಾಕಿದಳೋ?

ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲು ಹೇನನ್ನು ಓದಬೇಕು. ನಾವು ಓದಿದೆವು.

ತಲೆಹೇನು ಎಳ್ಳಿನಷ್ಟಿರುವ ಜೀವ, ಎರಡು ಮೂರು ಮಿಲಿಮೀಟರು. ಅದಕ್ಕೆ ರೆಕ್ಕೆ ಇಲ್ಲ, ಹಾರಲಾರದು. ಚಿಗಟದಂತೆ ನೆಗೆಯಲೂ ಆರದು. ಕೂದಲು ಹಿಡಿದು ತೆವಳುವುದೊಂದೇ ಅದಕ್ಕೆ ಗೊತ್ತು. ದಿನಕ್ಕೆ ಹಲವು ಸಲ ನೆತ್ತಿಯ ರಕ್ತ ಹೀರದಿದ್ದರೆ ಬದುಕಲಾರದು. ತಲೆಯಿಂದ ಬಿದ್ದದ್ದು ಒಂದೆರಡು ದಿನದಲ್ಲಿ ಸಾಯುತ್ತದೆ. ಹೆಣ್ಣು ಹೇನು ಕೂದಲ ಬುಡಕ್ಕೆ ಸೀರನ್ನು ಅಂಟಿಸುತ್ತದೆ. ಏಳರಿಂದ ಹತ್ತು ದಿನದಲ್ಲಿ ಮರಿ ಹೊರಗೆ ಬರುತ್ತದೆ. ತೊಳೆದ ತಲೆ, ತೊಳೆಯದ ತಲೆ ಎಂಬ ಭೇದ ಅದಕ್ಕಿಲ್ಲ. ಟೈಫಸ್ ಜ್ವರ ಹರಡುವುದು ಬಟ್ಟೆಯ ಸಂದಿಯಲ್ಲಿರುವ ಮೈಹೇನು. ತಲೆಹೇನು ರೋಗ ಹರಡುವುದಿಲ್ಲ. ಅದು ಕೊಡುವುದು ತುರಿಕೆ, ನಿದ್ದೆಗೇಡು, ಕೆರೆದ ಗಾಯದ ಕೀವು. ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಹೇನಿನ ಕಾರಣಕ್ಕೆ ಯಾವ ಮಗುವನ್ನೂ ಶಾಲೆಯಿಂದ ಹೊರಗಿಡಬಾರದೆಂದು ಹೇಳುತ್ತದೆ.

ಈಗ ಲೆಕ್ಕ ಹಾಕಿ. ಹಾರಲಾರದ, ನೆಗೆಯಲಾರದ ಹೇನು ಕೇರಿಯ ಹುಡುಗಿಯ ತಲೆಯಿಂದ ಊರ ಹುಡುಗಿಯ ತಲೆಗೆ ಹೋಯಿತು ಎಂದರೆ ಏನರ್ಥ? ಅಥವಾ ಆ ತಲೆಯಿಂದ ಈ ತಲೆಗೆ ಬಂತು ಎಂದರೆ? ಯಾವ ಕಡೆಯಿಂದ ಹೊರಟಿತು ಎಂದು ಯಾರೂ ನೋಡಿರಲಿಲ್ಲ. ಆದರೂ ತೀರ್ಪು ಕೊಟ್ಟಾಗಿತ್ತು. ಅರ್ಥ ಇಷ್ಟೇ: ಎರಡು ತಲೆಗಳು ತಾಗಿದ್ದವು. ಒಂದು ಚಿತ್ರದ ಪುಸ್ತಕದ ಮೇಲೋ, ಒಂದು ಮೊಬೈಲಿನ ಮೇಲೋ ಕೆನ್ನೆಗೆ ಕೆನ್ನೆ ಒತ್ತಿ ಆ ಮಕ್ಕಳು ಬಗ್ಗಿದ್ದವು. ಸಾವಿರಾರು ವರ್ಷ ದೊಡ್ಡವರು ಕಟ್ಟಿದ ಗೋಡೆಯನ್ನು ಆರು ವರ್ಷದ ಇಬ್ಬರು ಹುಡುಗಿಯರು ತಮಗೇ ಗೊತ್ತಿಲ್ಲದೆ ದಾಟಿದ್ದರು. ಸಾಕ್ಷಿ ಹೇಳಿದ್ದು ಒಂದು ಹೇನು. ಶಾಲೆ ಆ ಸಾಕ್ಷಿಯನ್ನು ಕೇಳಿಸಿಕೊಂಡು ಗೋಡೆಯನ್ನು ಮತ್ತೆ ಕಟ್ಟಿತು. ಒಂಟಿ ಕೂರಿಸಿದ್ದು ಹೇನು ಹೋಗುವುದಕ್ಕಲ್ಲ, ತಾಗುವುದು ನಿಲ್ಲುವುದಕ್ಕೆ.

ಹೇನು ಕೊಳಕರ ಸೊತ್ತು, ಬಡವರ ಸೊತ್ತು ಎನ್ನುವವರಿಗೆ ಒಂದು ಬಾಚಣಿಗೆಯ ಕಥೆ ಹೇಳಬೇಕು. ಇಸ್ರೇಲಿನ ಲಾಕೀಶ್ ಎಂಬ ಹಳೆಯ ಪಟ್ಟಣದ ದಿಬ್ಬದಲ್ಲಿ 2016ರಲ್ಲಿ ಅಗೆಯುವಾಗ ಆನೆದಂತದ ಒಂದು ಚಿಕ್ಕ ಬಾಚಣಿಗೆ ಸಿಕ್ಕಿತು. ಅದರ ಮೇಲೆ ಗೀರಿದ್ದ ಅಕ್ಷರಗಳನ್ನು ಓದಿ ಪ್ರಕಟಿಸಿದ್ದು 2022ರಲ್ಲಿ. ಸುಮಾರು 3700 ವರ್ಷ ಹಿಂದಿನ ಕಾನಾನ್ ಜನರ ಲಿಪಿ, 17 ಅಕ್ಷರ. ಆ ಅಕ್ಷರಮಾಲೆಯಲ್ಲಿ ಈವರೆಗೆ ಸಿಕ್ಕಿರುವ ಅತ್ಯಂತ ಹಳೆಯ ಪೂರ್ತಿ ವಾಕ್ಯ ಅದು. ಆ ವಾಕ್ಯ ರಾಜನ ದಿಗ್ವಿಜಯದ್ದಲ್ಲ, ದೇವರ ಸ್ತುತಿಯೂ ಅಲ್ಲ. ತಲೆಯ ಮತ್ತು ಗಡ್ಡದ ಹೇನನ್ನು ಈ ದಂತ ಕಿತ್ತುಹಾಕಲಿ ಎಂಬ ಹಾರೈಕೆ! ಹಲ್ಲುಗಳ ನಡುವೆ ಹೇನುಮರಿಯ ಚೂರೂ ಸಿಕ್ಕಿತಂತೆ. ದಂತದ ಬಾಚಣಿಗೆ ಕೂಲಿಯವನದಾಗಿರಲು ಸಾಧ್ಯವಿಲ್ಲ. ಉಪ್ಪರಿಗೆಯ ತಲೆಯಲ್ಲೂ ಹೇನಿತ್ತು. ಹೇನಿಗೆ ಜಾತಿಯಿಲ್ಲ, ಬಾಚಣಿಗೆಗೆ ಇದೆ.

ಮುಟ್ಟುವ ಕೈಗೂ ಇದೆ. ಬಾಬಾಸಾಹೇಬರು ತಮ್ಮ ಬಾಲ್ಯವನ್ನು ನೆನೆಯುತ್ತಾ ಸಾತಾರಾದ ಮಾತೊಂದನ್ನು ಬರೆದಿದ್ದಾರೆ. ಊರಲ್ಲಿ ಕ್ಷೌರಿಕರಿಗೆ ಬರವಿರಲಿಲ್ಲ, ಮನೆಯಲ್ಲಿ ಕೊಡಲು ಕಾಸಿಗೂ ಬರವಿರಲಿಲ್ಲ. ಆದರೆ ಅಸ್ಪೃಶ್ಯರ ತಲೆ ಮುಟ್ಟಲು ಯಾರೂ ಒಪ್ಪುತ್ತಿರಲಿಲ್ಲ. ಅದಕ್ಕೇ ಮನೆಮಂದಿಯ ಕೂದಲನ್ನೆಲ್ಲ ಅಕ್ಕನೇ ಕತ್ತರಿಸಬೇಕಾಗಿತ್ತು. ಕತ್ತರಿಸಿ ಕತ್ತರಿಸಿ ಅವಳೇ ಆ ಕೆಲಸದಲ್ಲಿ ಪಳಗಿದ್ದಳು. ಮುಂದೊಂದು ದಿನ ಸಂವಿಧಾನ ಬರೆದ ತಲೆಯನ್ನು ಮೊದಲು ಮುಟ್ಟಿದ ಕೈ ಆ ಅಕ್ಕನದು. ಕೇರಿಯ ತಲೆಗಳನ್ನು ಯಾವತ್ತೂ ಕಾಪಾಡಿದ್ದು ಕೇರಿಯ ಹೆಂಗಸರ ಬೆರಳುಗಳೇ.

ಹಾಗಾದರೆ ಆ ಬೆರಳು ಬಿಟ್ಟು ವಿಷಕ್ಕೆ ಹೋದದ್ದು ಯಾಕೆ?

ವಿಷದ ಚರಿತ್ರೆಯೂ ಚಿಕ್ಕದಲ್ಲ. ಎರಡನೇ ಮಹಾಯುದ್ಧದಲ್ಲಿ, 1943-44ರ ಚಳಿಗಾಲದಲ್ಲಿ, ಇಟಲಿಯ ನೇಪಲ್ಸ್ ನಗರದಲ್ಲಿ ಟೈಫಸ್ ಎದ್ದಾಗ ಜನರನ್ನು ಸಾಲು ನಿಲ್ಲಿಸಿ ಅಂಗಿಯೊಳಗೆ ಡಿಡಿಟಿ ಪುಡಿ ಊದಿದರು. ಜ್ವರ ನಿಂತಿತು, ನಿಜ. ಡಿಡಿಟಿಯ ಕೀಟನಾಶಕ ಶಕ್ತಿ ಕಂಡುಹಿಡಿದ ಪಾಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಬಂತು. ಕೆಲವೇ ವರ್ಷಗಳಲ್ಲಿ, ಕೊರಿಯಾ ಯುದ್ಧದ ಹೊತ್ತಿಗೆ, ಹೇನು ಆ ಪುಡಿಗೆ ಒಗ್ಗಿಕೊಂಡಿತ್ತು. ಆಮೇಲೆ ಲಿಂಡೇನ್. 2009ರಲ್ಲಿ ಜಗತ್ತಿನ ದೇಶಗಳು ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಅದನ್ನು ತೊಲಗಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಆದರೆ ಹೇನಿಗೆ, ಕಜ್ಜಿಗೆ ಔಷಧಿಯಾಗಿ ಕೆಲಕಾಲ ವಿನಾಯಿತಿ ಇಟ್ಟವು. ಹೊಲಕ್ಕೆ ಬೇಡವಾದದ್ದು ತಲೆಗೆ ನಡೆಯುತ್ತದೆ! ಇಂದು ಅಂಗಡಿಯಲ್ಲಿ ಸಿಗುವ ಪರ್ಮೆಥ್ರಿನ್ನಿಗೂ ಜಗತ್ತಿನ ಹಲವು ಕಡೆ ಹೇನು ಬಗ್ಗುತ್ತಿಲ್ಲ. ಡಾಕ್ಟರು ಅಳತೆ ಹೇಳಿ ಕೊಟ್ಟದ್ದನ್ನು ನಾವು ಬೇಡವೆನ್ನುವುದಿಲ್ಲ. ತೋಟದ ಸೀಸೆ ಔಷಧಿಯಲ್ಲ ಎನ್ನುತ್ತೇವೆ.

ಹಳ್ಳಿ ಮದ್ದೆಲ್ಲ ಅಮೃತವೆಂದೂ ನಾವು ಹಾಡುವುದಿಲ್ಲ. ಸೀಮೆಎಣ್ಣೆ ಹಚ್ಚಿದ ತಲೆ ಒಲೆ ಮುಂದೆ ಬಗ್ಗಿದರೆ ಹತ್ತಿ ಉರಿಯುತ್ತದೆ. ಸೀತಾಫಲದ ಬೀಜ ಅರೆದು ಹಚ್ಚಿದ್ದು ಕಣ್ಣಿಗೆ ಇಳಿದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪೊರೆ ಸುಟ್ಟುಹೋಗುತ್ತದೆ. ಕರ್ಪೂರದ ಎಣ್ಣೆ ಮಗುವಿನ ಮೈಯೊಳಗೆ ಹೋದರೆ ಫಿಟ್ಸ್ ಬರುತ್ತದೆ. ಅಜ್ಜಿ ಹೇಳಿದಳೆಂಬ ಕಾರಣಕ್ಕೆ ವಿಷ ಸಿಹಿಯಾಗದು. ನಾವು ಪ್ರಶ್ನೆ ಕೇಳುವುದನ್ನು ಕಲಿತದ್ದು ಮೇಲಿನವರಿಗೆ ಮಾತ್ರವಲ್ಲ, ನಮ್ಮ ಅಟ್ಟದ ಮೇಲಿನ ಡಬ್ಬಿಗಳಿಗೂ.

ಉಳಿಯುವುದು ಬಾಚಣಿಗೆ. ಸೀರಣಿಗೆ, ಆ ಸಣ್ಣ ಹಲ್ಲಿನದು. ಸೀಗೆಕಾಯಿಯೋ ಸೋಪೋ ಹಾಕಿ ತಲೆ ತೊಳೆಯಬೇಕು. ಒಣಗಿಸದೆ, ಒದ್ದೆ ಕೂದಲಿಗೇ ಧಾರಾಳವಾಗಿ ಕೊಬ್ಬರಿ ಎಣ್ಣೆ ಸವರಬೇಕು. ಒದ್ದೆಯಲ್ಲಿ ಹೇನು ಓಡುವುದಿಲ್ಲ, ಎಣ್ಣೆಯಲ್ಲಿ ಬಾಚಣಿಗೆ ಜಾರುತ್ತದೆ. ಎಣ್ಣೆಯೊಂದೇ ಹೇನನ್ನು ಕೊಲ್ಲುತ್ತದೆಂದು ನಂಬಿ ಕೂರಬಾರದು. ಉಸಿರುಗಂಡಿ ಮುಚ್ಚಿಕೊಂಡು ಗಂಟೆಗಟ್ಟಲೆ ತಡೆಯುವ ಗಟ್ಟಿಜೀವ ಅದು. ಕೂದಲನ್ನು ಪಾಲು ಪಾಲು ಮಾಡಿ, ಪ್ರತಿ ಪಾಲನ್ನೂ ಬುಡದಿಂದ ತುದಿಯವರೆಗೆ ಎಳೆದು, ಎಳೆದೆಳೆದಾಗಲೂ ಬಿಳಿ ಬಟ್ಟೆಗೆ ಒರೆಸಿ ನೋಡಬೇಕು. ಇವತ್ತು ಮಾಡಿದರೆ ಮತ್ತೆ ಐದನೇ ದಿನ, ಒಂಬತ್ತನೇ ದಿನ, ಹದಿಮೂರನೇ ದಿನ. ಯಾಕೆಂದರೆ ಇವತ್ತು ಕೈತಪ್ಪಿದ ಸೀರು ಆ ದಿನಗಳಲ್ಲಿ ಒಡೆಯುತ್ತದೆ. ಮರಿ ಬೆಳೆದು ಮತ್ತೆ ಸೀರಿಡುವುದರೊಳಗೆ ಎಳೆದು ಹಾಕಬೇಕು. ಹದಿನೇಳನೇ ದಿನ ಒಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಮನೆಯಲ್ಲಿ ಹೇನಿರುವ ತಲೆಗಳೆಲ್ಲ ಒಂದೇ ದಿನ ಕೂರಬೇಕು. ಬಾಚಣಿಗೆ, ದಿಂಬಿನ ಬಟ್ಟೆ ಬಿಸಿನೀರಿಗೆ. ಇಷ್ಟೇ ವೈದ್ಯ. ಕಾಸು ಹೆಚ್ಚು ಬೇಡ.

ಬೇಕಾದದ್ದು ಹೊತ್ತು. ಇಲ್ಲೇ ಪ್ರಶ್ನೆಯ ಬೇರಿರುವುದು.

ಒಂದು ತಲೆಗೆ ಕಡಿಮೆ ಅಂದರೂ ಅರ್ಧ ಗಂಟೆ. ಮೂರು ಮಕ್ಕಳು, ನಾಲ್ಕು ಸುತ್ತು: ಆರು ಗಂಟೆ. ಜಡೆ ಉದ್ದವಿದ್ದರೆ ಹನ್ನೆರಡು. ಬೆಳಕು ಹರಿಯುವ ಮುಂಚೆ ಟೆಂಪೋ ಹತ್ತಿ, ದೀಪ ಹಚ್ಚುವ ಹೊತ್ತಿಗೆ ಇಳಿಯುವ ಹೆಂಗಸಿಗೆ ಆ ಗಂಟೆಗಳನ್ನು ಯಾರು ಕೊಟ್ಟಿದ್ದಾರೆ? ಅವಳ ಹೊತ್ತನ್ನು ಟೊಮೆಟೊ ಸಾಲುಗಳು ತಿಂದಿವೆ. ತೋಟ ಅವಳ ಹೊತ್ತನ್ನು ಇಟ್ಟುಕೊಂಡು ವಿಷದ ಸೀಸೆಯನ್ನು ಕೊಟ್ಟು ಕಳಿಸಿತು. ವಿಷ ಹಚ್ಚಲು ಐದು ನಿಮಿಷ ಸಾಕು. ಹೊತ್ತಿಲ್ಲದವರಿಗೆ ವಿಷ, ಹೊತ್ತಿದ್ದವರಿಗೆ ಬಾಚಣಿಗೆ. ಇದನ್ನು ನೋಡದೆ "ಮಕ್ಕಳ ತಲೆಗೆ ಕೆಮಿಕಲ್ ಹಾಕಬೇಡಿ" ಎಂದು ಉಪದೇಶ ಮಾಡುವವನು ಅರ್ಧ ಸತ್ಯ ಹೇಳುತ್ತಾನೆ. ಅರ್ಧ ಸತ್ಯ ಕೇಳಿದ ತಾಯಿಯ ಹೆಗಲಿಗೆ ತಪ್ಪೊಂದೇ ಉಳಿಯುತ್ತದೆ.

ಆ ಉಪದೇಶ ಮಾಡಿದವರು ಯಾರೋ ಅಲ್ಲ. ನಾವು.

ಆಸ್ಪತ್ರೆಯಿಂದ ಬಂದ ಮೇಲೆ ನಾವು ಐದಾರು ಮಂದಿ ಓದಿದವರು ಬೀದಿಯಲ್ಲಿ ಹೆಂಗಸರನ್ನು ಕೂಡಿಸಿ ಭಾಷಣ ಮಾಡಿದೆವು. ವಿಷದ ವಿಷಯ, ಬಾಚಣಿಗೆಯ ವಿಷಯ, ಶೋಷಣೆಯ ವಿಷಯ. ಭಾಷಣ ಚೆನ್ನಾಗಿಯೇ ಇತ್ತು. ಆ ಮಗು ಬಂದು ನಮ್ಮ ಪಕ್ಕ ಜಗಲಿ ಮೇಲೆ ಕೂತು, ಆಟದ ಸುಸ್ತಿಗೆ ತಲೆಯನ್ನು ನಮ್ಮ ತೋಳಿಗೆ ಒರಗಿಸಿತು. ನಮ್ಮ ತೋಳು ತಾನಾಗಿಯೇ ಹಿಂದಕ್ಕೆ ಸರಿಯಿತು. ಒಂದು ಗೇಣಷ್ಟೇ. ಮಗು ನೋಡಿತು. ಅದರ ಅವ್ವನೂ ನೋಡಿದಳು.

ಆ ಒಂದು ಗೇಣು ಯಾವ ಅಳತೆಯದು ಎಂದು ನಮಗೆ ಗೊತ್ತು. ನಮ್ಮ ತಾತಂದಿರನ್ನು ದೂರ ನಿಲ್ಲಿಸಿದ ಅಳತೆಯೇ ಅದು. ಹಾಸ್ಟೆಲಿನಲ್ಲಿ, ಕಾಲೇಜಿನಲ್ಲಿ, ಇಸ್ತ್ರಿ ಅಂಗಿಯ ಜೊತೆಗೆ ಅದನ್ನೂ ಮೈಗೆ ಹಾಕಿಕೊಂಡು ಊರಿಗೆ ಬಂದಿದ್ದೆವು. ಅಸಹ್ಯವೆಂಬುದು ಹುಟ್ಟಿನಿಂದ ಬಂದದ್ದಲ್ಲ; ಕಲಿಸಿದ ಪಾಠ. ಬಾಗಿಲ ಬಳಿ ಕೂರಿಸಿದವರಿಗೂ ನಮಗೂ ಆ ಗಳಿಗೆಯಲ್ಲಿ ಇದ್ದ ವ್ಯತ್ಯಾಸ ಏನು? ಅವರು ಬಾಯಲ್ಲಿ ಹೇಳಿದರು, ನಾವು ತೋಳಲ್ಲಿ ಹೇಳಿದೆವು.

ಹೇನನ್ನು ದ್ವೇಷಿಸುವುದು ತಪ್ಪಲ್ಲ. ಅದು ಮಗುವಿನ ರಕ್ತ ಕುಡಿಯುತ್ತದೆ, ಉಗುರಲ್ಲಿಟ್ಟು ಕುಕ್ಕಿ. ಆದರೆ ಹೇನಿನ ಮೇಲಿನ ದ್ವೇಷ ತಲೆಯ ಮೇಲಿನ ದ್ವೇಷವಾಗುವ ಗಳಿಗೆ ಒಂದಿದೆ. ವಿಷ ಹುಟ್ಟುವುದು ಅಲ್ಲಿ. ಮುಟ್ಟದೆ ಗುಣ ಮಾಡುತ್ತೇನೆ ಎನ್ನುವುದೆಲ್ಲ ಕೊನೆಗೆ ವಿಷವನ್ನೇ ಹುಡುಕುತ್ತದೆ. ಬಾಚಣಿಗೆ ಹಿಡಿಯಬೇಕಾದರೆ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲೇಬೇಕು.

ಅದರ ಮುಂದಿನ ಭಾನುವಾರ ನಾವು ಭಾಷಣ ಮಾಡಲಿಲ್ಲ. ನಾಲ್ಕು ಸೀರಣಿಗೆ, ಒಂದು ಲೀಟರು ಎಣ್ಣೆ, ಬಿಳಿ ಪಂಚೆಯ ಹರಿದ ತುಂಡುಗಳು ತಂದು ಜಗಲಿ ಮೇಲೆ ಕೂತೆವು. "ಓದ್ದೋರು, ಗಂಡುಸ್ರು, ನಿಮ್ಗ್ಯಾಕಪ್ಪ ಈ ಕೆಲ್ಸ" ಅಂದರು ಅವ್ವಂದಿರು. ಅದಕ್ಕೇ ಈ ಕೆಲಸ ಎಂದೆವು. ಮೊದಲ ದಿನ ಕೈ ಬರಲಿಲ್ಲ, ಮಕ್ಕಳು "ಅಯ್ಯೋ ನೋಯ್ತದೆ" ಅಂತ ಕೂಗಿದವು. ಒಬ್ಬಳು ಅಜ್ಜಿ ಪಕ್ಕದಲ್ಲಿ ಕೂತು ಬೆರಳು ಹೇಗಿಡಬೇಕೆಂದು ನಮಗೆ ಕಲಿಸಿದಳು. ಡಿಗ್ರಿಯಲ್ಲಿ ಇಲ್ಲದ ಪಾಠ. ಐದನೇ ದಿನ, ಒಂಬತ್ತನೇ ದಿನ ಸಂಜೆ ದೀಪದ ಕೆಳಗೆ ಕೂತೆವು. ಹದಿಮೂರನೇ ದಿನ ಆ ಮಗುವಿನ ತಲೆ ಒರೆಸಿದ ಬಟ್ಟೆ ಬೆಳ್ಳಗೇ ಇತ್ತು.

ಮಗು ಬಾಚಣಿಗೆ ಕಿತ್ತುಕೊಂಡಿತು. "ಈಗ ನಿಮ್ ತಲೆ ಬಗ್ಸಿ" ಅಂತು. ನಮ್ಮಲ್ಲೊಬ್ಬ ಬಗ್ಗಿಸಿದ. ಎರಡು ಸಲ ಎಳೆದು ಬಟ್ಟೆಗೆ ಒರೆಸಿ, ದೀಪಕ್ಕೆ ಹಿಡಿದು ನೋಡಿ, ಕೇರಿಗೆಲ್ಲ ಕೇಳುವ ಹಾಗೆ ಕೂಗಿತು:

"ಅವ್ವಾ, ಇವ್ರ್ ತಲೇಲೂ ಒಂದದೆ!"