ಕೀಲೆಣ್ಣೆ ಹಾಕಿದವರು ಯಾರು?

ಫೋರ್ಟ್ ಕೊಚ್ಚಿಯ ಚೀನೀ ಬಲೆಗಳನ್ನು ಫೋಟೊದಲ್ಲಾದರೂ ನೋಡದವರು ಕಡಿಮೆ. ಮುಳುಗುವ ಸೂರ್ಯ, ಎದುರಿಗೆ ಕಪ್ಪು ಚೌಕಟ್ಟು. ಫೋಟೊದಲ್ಲಿ ಸಿಗದದ್ದನ್ನು ನೋಡಬೇಕಾದರೆ ಬಲೆಯ ಬುಡದಲ್ಲಿ ಅರ್ಧ ಗಂಟೆ ನಿಲ್ಲಬೇಕು. ಬಲೆಯನ್ನು ನೀರಿಗಿಳಿಸಲು ಅಲ್ಲಿ ಮೋಟಾರೂ ಇಲ್ಲ, ಗಾಲಿಯೂ ಇಲ್ಲ. ಒಬ್ಬಾತ ದೊಡ್ಡ ತೊಲೆಯ ಮೇಲೆ ಬರಿಗಾಲಲ್ಲಿ ನೀರಿನ ಕಡೆಗೆ ನಡೆಯುತ್ತಾನೆ, ಅಷ್ಟೆ. ಅವನ ಮೈತೂಕಕ್ಕೆ ಹತ್ತು ಮೀಟರ್ ಎತ್ತರದ ಚೌಕಟ್ಟು ಕಿರ್ರೆನ್ನುತ್ತಾ ಮುಂದಕ್ಕೆ ಬಾಗುತ್ತದೆ. ಹಿಂದೆ ಹಗ್ಗಕ್ಕೆ ಕಟ್ಟಿದ ಕಲ್ಲುಗುಂಡುಗಳು ಒಂದೊಂದಾಗಿ ನೆಲ ಬಿಟ್ಟು ಏಳುತ್ತವೆ. ಕೆಲವು ನಿಮಿಷ ಕಳೆದ ಮೇಲೆ ನಾಲ್ಕೈದು ಜನ ಹಗ್ಗ ಜಗ್ಗುತ್ತಾರೆ, ಕಲ್ಲುಗಳು ಹಿಮ್ಮುಖ ಕ್ರಮದಲ್ಲಿ ಕೆಳಗೆ ಬಂದು ಕೂರುತ್ತವೆ. ಬಲೆಯಲ್ಲಿ ಹಿಡಿಯಷ್ಟು ಮೀನು, ಒಮ್ಮೊಮ್ಮೆ ಅದೂ ಇಲ್ಲ.

ನನಗೆ ಅದನ್ನು ನೋಡಿದಾಗ ನೆನಪಾದದ್ದು ಮರದ ರೋಲರ್ ಕೋಸ್ಟರ್. ತಮಾಷೆಗೆ ಹೇಳುತ್ತಿಲ್ಲ. ಎರಡೂ ಮರದ ಯಂತ್ರಗಳೇ, ತೂಕ ಏರಿಳಿಯುವುದರಿಂದಲೇ ಓಡುವಂಥವು, ನೋಡಿದವರಿಗೆ ಇದು ಇನ್ನೂ ಬೀಳದೆ ನಿಂತದ್ದು ಹೇಗೆ ಎನಿಸುವಂಥವು. ಕೊಚ್ಚಿಯಲ್ಲಿ ಮರದ ಕೋಸ್ಟರ್ ಇಲ್ಲ. ಪಳ್ಳಿಕ್ಕರದ ವಂಡರ್‌ಲಾ, ಅಂದರೆ 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಲ್ಲಿ ಶುರುವಾದ ಪಾರ್ಕಿನಲ್ಲಿ, ಮಕ್ಕಳು ಕಿರುಚುತ್ತಾ ಹೋಗುವುದು ಉಕ್ಕಿನ ಹಳಿಯ ಮೇಲೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನಷ್ಟು ಮಳೆ ಹೊಯ್ಯುವ, ಒರಲೆಗೆ ಬರವಿಲ್ಲದ ಊರಲ್ಲಿ ಮರದ್ದು ಕಟ್ಟುವ ಧೈರ್ಯ ಯಾರಿಗಿದ್ದೀತು?

ಮರದ ಕೋಸ್ಟರಿನ ಹಳಿ ಎಂದರೆ ಹಲಗೆಯ ಮೇಲೆ ಹಲಗೆ ಏಳೆಂಟು ಪದರ ಜೋಡಿಸಿ, ನೆತ್ತಿಗೆ ಒಂದು ಉಕ್ಕಿನ ಪಟ್ಟಿ ಬಡಿದದ್ದು. ಗಾಲಿ ಓಡುವುದು ಆ ಪಟ್ಟಿಯ ಮೇಲೆ. ಮರ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಬಂಡಿ ಹಾಯ್ದಾಗಲೆಲ್ಲ ಇಡೀ ಕಟ್ಟಡ ತುಸು ಅಲುಗುತ್ತದೆ. ನಟ್ಟುಗಳು ಸಡಿಲವಾಗುವುದು ಅಪಘಾತವಲ್ಲ, ಅದರ ಸ್ವಭಾವ. ಹಾಗಾಗಿ ಬೆಳಿಗ್ಗೆ ಗೇಟು ತೆರೆಯುವ ಮೊದಲು ಒಬ್ಬ ಕೆಲಸಗಾರ ಸುತ್ತಿಗೆ, ಸ್ಪ್ಯಾನರ್ ಹಿಡಿದು ಹಳಿಯುದ್ದಕ್ಕೂ ನಡೆಯುತ್ತಾನೆ. ಏರಿನಲ್ಲೂ ನಡೆಯುತ್ತಾನೆ, ಇಳಿಜಾರಿನಲ್ಲೂ ನಡೆಯುತ್ತಾನೆ. ಸಂಶಯ ಬಂದಲ್ಲಿ ತಟ್ಟಿ ನೋಡುತ್ತಾನೆ, ಬಿಗಿಯುತ್ತಾನೆ. ಚಳಿಗಾಲದಲ್ಲಿ ಪಾರ್ಕು ಮುಚ್ಚಿದಾಗ ಒಂದಿಷ್ಟು ಉದ್ದದ ಹಲಗೆ ಕಿತ್ತು ಹೊಸದು ಹಾಕುತ್ತಾರೆ, ಮರುವರ್ಷ ಇನ್ನೊಂದಿಷ್ಟು. ಮೆಲ್ಬರ್ನಿನ ಲೂನಾ ಪಾರ್ಕಿನಲ್ಲಿ 1912ರಲ್ಲಿ ಶುರುವಾದ ಸೀನಿಕ್ ರೈಲ್ವೆಯಲ್ಲಂತೂ ಬಂಡಿಯ ನಡುವೆ ಬ್ರೇಕ್ ಹಿಡಿದು ಒಬ್ಬಾತ ನಿಂತೇ ಇರಬೇಕು. ಅಮೆರಿಕದ ಆಲ್ಟೂನದಲ್ಲಿ 1902ರ ಲೀಪ್ ದ ಡಿಪ್ಸ್ 1985ರಲ್ಲಿ ನಿಂತುಹೋಗಿ, ದುರಸ್ತಿಯಾಗಿ 1999ರಲ್ಲಿ ಮತ್ತೆ ಓಡಿತು. ಜಗತ್ತಿನಲ್ಲಿ ಉಳಿದಿರುವ ಕೋಸ್ಟರುಗಳಲ್ಲಿ ಅದೇ ಅತ್ಯಂತ ಹಳೆಯದು ಎನ್ನುತ್ತಾರೆ. ಅತ್ಯಂತ ಹಳೆಯದು ಎಂದರೆ ಏನು? ಹಳೆಯದಾಗಿ ಉಳಿದದ್ದು ಯಾವುದು?

ಇದು ಸವೆದುಹೋದ ಪ್ರಶ್ನೆ, ಗೊತ್ತು. ಥೀಸಿಯಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿದರೆ ಅದು ಅದೇ ಹಡಗೇ ಎಂದು ಗ್ರೀಕರು ಕೇಳಿದರು. ಕಿತ್ತ ಹಲಗೆಗಳನ್ನೆಲ್ಲ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ನಿಜವಾದದ್ದು ಯಾವುದು ಎಂದು ಇಂಗ್ಲಿಷ್ ತತ್ತ್ವಜ್ಞಾನಿ ಹಾಬ್ಸ್ ಅದಕ್ಕೊಂದು ಗಂಟು ಸೇರಿಸಿದ. (ಕೋಸ್ಟರುಗಳಿಂದ ಕಿತ್ತ ಹಲಗೆಯ ತುಂಡುಗಳನ್ನು ಅಭಿಮಾನಿಗಳು ಕೊಂಡೊಯ್ದು ಕಪಾಟಿನಲ್ಲಿಡುವುದುಂಟು. ಹಾಬ್ಸ್ ಇದ್ದಿದ್ದರೆ ಖುಷಿಪಡುತ್ತಿದ್ದ.) ನಮ್ಮ ಕಡೆ ಮಿಲಿಂದ ರಾಜನಿಗೆ ಬೌದ್ಧ ಭಿಕ್ಷು ನಾಗಸೇನ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ನೀನು ಬಂದ ರಥ ಎಂದರೆ ಮೂಕಿಯೇ, ಅಚ್ಚೇ, ಗಾಲಿಯೇ? ಯಾವುದೂ ಅಲ್ಲ; ಎಲ್ಲ ಕೂಡಿದಾಗ ರಥ ಎಂದು ಕರೆಯುತ್ತೇವೆ, ಅದೊಂದು ಹೆಸರು ಮಾತ್ರ. ಮಿಲಿಂದನೂ ಗ್ರೀಕನೇ ಆದ್ದರಿಂದ ಅವನಿಗೆ ಈ ವಾದ ತೀರಾ ಹೊಸದೆನಿಸಿರಲಾರದು. ನನ್ನ ತಕರಾರು ಒಂದೇ. ಬಿಡಿಭಾಗಗಳನ್ನು ಅಷ್ಟು ಚೆನ್ನಾಗಿ ಎಣಿಸಿದ ಇಬ್ಬರೂ ಆ ದಿನ ಬೆಳಿಗ್ಗೆ ಅಚ್ಚಿಗೆ ಕೀಲೆಣ್ಣೆ ಹಾಕಿದವರು ಯಾರು ಎಂದು ಕೇಳಲಿಲ್ಲ.

ಕಾಸರಗೋಡು ಕಡೆಯ ಹಂಚಿನ ಮನೆಯಲ್ಲಿ ಬೆಳೆದವರಿಗೆ ಈ ಒಗಟು ಅಷ್ಟೇನೂ ಕಷ್ಟವಲ್ಲ. ಮೇ ತಿಂಗಳಲ್ಲಿ ಮಾಡಿನ ಹಂಚು ಸರಿಸಿ ನೋಡಿದರೆ ಎರಡು ಪಕ್ಕಾಸು ಕುಂಬಾಗಿರುತ್ತದೆ, ನಾಲ್ಕು ರೀಪಿಗೆ ಒರಲೆ ಹತ್ತಿರುತ್ತದೆ. ಆಚಾರಿ ಬಂದು ಬದಲಿಸುತ್ತಾರೆ, ಹೊಸ ಮರಕ್ಕೆ ಗೇರೆಣ್ಣೆ ಬಳಿಯುತ್ತೇವೆ. ಅಜ್ಜ ಕಟ್ಟಿಸಿದ ಮನೆಯಲ್ಲಿ ಅಜ್ಜನ ಕಾಲದ ಪಕ್ಕಾಸು ಎಷ್ಟು ಉಳಿದಿದೆಯೆಂದು ಯಾರೂ ಲೆಕ್ಕ ಇಟ್ಟಿಲ್ಲ. ಅಜ್ಜನ ಮನೆ ಅಲ್ಲವೆಂದು ಯಾರೂ ಅಂದದ್ದೂ ಇಲ್ಲ. ನಮ್ಮ ಗುಡ್ಡೆಯ ಆಚೆ, ಪಾಲಾದ ಮೇಲೆ ಬೀಗ ಬಿದ್ದ ಒಂದು ಮನೆ ಇತ್ತು. ಅದರಲ್ಲಿ ಒಂದು ರೀಪನ್ನೂ ಬದಲಿಸಿರಲಿಲ್ಲ, ಎಲ್ಲ ಮೂಲದ್ದೇ. ನಾಲ್ಕನೆಯ ಮಳೆಗಾಲಕ್ಕೆ ಮಾಡು ಕುಸಿದು ಕೂತಿತು.

ಹಾಗಾದರೆ ಮರದ ವಸ್ತುವಿನ ಗುರುತು ಇರುವುದು ಅದನ್ನು ಬಿಡದೆ ಮುಟ್ಟಿ ನೋಡುವ ಕೆಲಸದಲ್ಲಿ ಎಂದು ಹೇಳಿ ಮುಗಿಸಬಹುದಿತ್ತು. ಮುಗಿಸಲು ಉಕ್ಕು ಬಿಡುವುದಿಲ್ಲ. ಟೆಕ್ಸಾಸಿನ ಟೆಕ್ಸಾಸ್ ಜೈಂಟ್ 1990ರ ಮರದ ಕೋಸ್ಟರ್. 2011ರ ಹೊತ್ತಿಗೆ ಅದರ ಮರದ ಹಳಿ ತೆಗೆದು ಉಕ್ಕಿನ ಹಳಿ ಹಾಕಿದರು, ಹೆಸರಿನ ಹಿಂದೆ ‘ನ್ಯೂ’ ಸೇರಿಸಿದರು. ಹಳಿ ಹೊತ್ತ ಕಟ್ಟಡ ಮಾತ್ರ ಮರದ್ದು. ಫೋರ್ಟ್ ಕೊಚ್ಚಿಯಲ್ಲೂ ಅದೇ ಕತೆ. ತೇಗದ ಬೆಲೆ ಕೈಗೆಟುಕದೆ ಮೀನುಗಾರರು ಕಬ್ಬಿಣದ ಪೈಪು ಹಾಕತೊಡಗಿದರು. ಪರಂಪರೆ ಕೆಟ್ಟಿತೆಂದು ಪ್ರವಾಸಿಗಳೂ ಪತ್ರಿಕೆಗಳೂ ಮರುಗಿದವು. ಮರ ಕೊಟ್ಟು ಬಲೆಗಳನ್ನು ಹಳೆಯ ರೂಪಕ್ಕೆ ತರಿಸುವ ಸರ್ಕಾರಿ ಯೋಜನೆಯೂ ಬಂತು.

ನನ್ನ ಮಟ್ಟಿಗೆ ಇವೆರಡೂ ಒಂದೇ ಅಲ್ಲ. ಮರದ ಕೋಸ್ಟರಿನಲ್ಲಿ ಕೂತವರು ದುಡ್ಡು ಕೊಡುವುದೇ ಆ ಅಲುಗಾಟಕ್ಕೆ, ಕಟಕಟ ಸದ್ದಿಗೆ, ಈಗ ಬಿತ್ತು ಎಂಬ ಭಯಕ್ಕೆ. ಅಲ್ಲಿ ಮರವೇ ಆಟ. ಮರ ಹೋದರೆ ಬರುವುದು ಬೇರೆ ಆಟ. ಇನ್ನೂ ಚೆನ್ನಾಗಿಯೇ ಇರಬಹುದು, ಆದರೆ ಬೇರೆ. ಬಲೆಯ ಕೆಲಸವಾದರೋ ಮೀನು ಹಿಡಿಯುವುದು. ಪೈಪಿನ ಬಲೆಯಲ್ಲೂ ಅದೇ ಕಲ್ಲುಗಳು, ಅದೇ ಹಗ್ಗ, ತೊಲೆಯ ಮೇಲೆ ಅದೇ ನಡಿಗೆ. ಮೀನು ಹಿಡಿಯುವ ಪೈಪಿನ ಬಲೆಯೇ ಚೀನೀ ಬಲೆ. ಫೋಟೊಕ್ಕೆಂದು ನಿಲ್ಲಿಸಿ, ಹಗ್ಗ ಜಗ್ಗುವವರಿಲ್ಲದ ತೇಗದ ಬಲೆ ಅದರ ಪ್ರತಿಮೆ. ಅಂದಹಾಗೆ ಈ ಬಲೆ ಕೊಚ್ಚಿಗೆ ಬಂದದ್ದು ಚೀನೀ ವ್ಯಾಪಾರಿಗಳಿಂದಲೋ, ಮಕಾವಿನಿಂದ ಪೋರ್ಚುಗೀಸರ ಮೂಲಕವೋ ಎಂಬ ಜಗಳವೇ ಇನ್ನೂ ಮುಗಿದಿಲ್ಲ. ಶುದ್ಧ ಪರಂಪರೆ ಯಾವ ಹಂತದಲ್ಲಿತ್ತು?

ವಸ್ತು ಬದಲಾದರೆ ಆರೈಕೆ ಬದಲಾಗುತ್ತದೆ ಎಂಬುದಕ್ಕೆ ತಿರುವನಂತಪುರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಪದ್ಮನಾಭಸ್ವಾಮಿಯ ಹಳೆಯ ಮೂರ್ತಿ ಹಿಪ್ಪೆಮರದ್ದು. 1686ರ ಬೆಂಕಿಯ ನಂತರ, ಮಾರ್ತಾಂಡವರ್ಮನ ಕಾಲದಲ್ಲಿ, 12,008 ಸಾಲಿಗ್ರಾಮಗಳನ್ನು ಒಳಗಿಟ್ಟು, ಮಣ್ಣು, ಅಂಟು, ಗಿಡಮೂಲಿಕೆ ಕಲಸಿದ ಕಡುಶರ್ಕರ ಪಾಕದಿಂದ ಮಾಡಿದ ಈಗಿನ ಮೂರ್ತಿ ಬಂತು. ದೇವರು ಅದೇ, ಆದರೆ ಮೂಲಮೂರ್ತಿಗೆ ನೀರೆರೆಯುವಂತಿಲ್ಲ. ಅಭಿಷೇಕ ಬೇರೊಂದು ಬಿಂಬಕ್ಕೆ. ನಿರ್ಮಾಲ್ಯದ ಹೂಗಳನ್ನು ನವಿಲುಗರಿಯಿಂದ ಸರಿಸುತ್ತಾರೆ. ಆ ನವಿಲುಗರಿಯನ್ನು ಕೈಗೆ ಕೊಟ್ಟದ್ದು ಶಾಸ್ತ್ರವೋ ಪಾಕವೋ? ಎರಡೂ ಇರಬೇಕು. ತಿರುವನಂತಪುರದ ಈ ದೇವಸ್ಥಾನಕ್ಕೆ ಮೂಲಸ್ಥಾನವೆಂದು ನಂಬುವ, ನಮ್ಮ ಕುಂಬಳೆ ಬಳಿಯ ಅನಂತಪುರದ ಕೆರೆ ನಡುವಿನ ಗುಡಿಯಲ್ಲೂ ಮೂರ್ತಿಗಳು ಕಡುಶರ್ಕರದ್ದೇ ಆಗಿದ್ದವು. 1972ರಲ್ಲಿ ಅವುಗಳ ಜಾಗಕ್ಕೆ ಪಂಚಲೋಹದವು ಬಂದವು. ಮತ್ತೆ ಕಡುಶರ್ಕರಕ್ಕೇ ಮರಳಬೇಕೆಂಬ ಪ್ರಯತ್ನವೂ ಆಮೇಲೆ ನಡೆಯಿತು. ಲೋಹ ಗಟ್ಟಿ, ಅನುಕೂಲ. ಆದರೂ ಜನಕ್ಕೆ ಏನೋ ಕಡಿಮೆಯೆನಿಸಿತು. ಆ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತಿತು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿತು. ಅದು ಬೇರೆ ಮೊಸಳೆ ಎಂದು ಎಲ್ಲರಿಗೂ ಗೊತ್ತು, ದೇವರ ಮೊಸಳೆ ಎನ್ನುವುದಕ್ಕೆ ಯಾರ ತಕರಾರೂ ಇಲ್ಲ.

ಮತ್ತೆ ಬಲೆಯ ಮಾತಿಗೆ ಬಂದರೆ, ತೇಗವೇ ಬೇಕೆನ್ನುವುದು ತಪ್ಪಲ್ಲ. ಮರ ಕಿರುಗುಟ್ಟುವ ಸದ್ದು ಪೈಪಿನಲ್ಲಿಲ್ಲ, ಅದು ನನಗೂ ಇಷ್ಟ. ಆದರೆ ಇಷ್ಟ ನಮ್ಮದಾಗಿ ಖರ್ಚು ಮೀನುಗಾರರದಾಗಬಾರದು. ಮರ ಒಮ್ಮೆ ಕೊಟ್ಟರೆ ಸಾಲದು. ಪ್ರತಿ ವರ್ಷ ಅದನ್ನು ತಟ್ಟಿ ನೋಡಿ, ಕುಂಬಾದದ್ದನ್ನು ತೆಗೆದು, ಹಗ್ಗ ಬದಲಿಸುವವರ ಕೂಲಿಯೂ ಅದರ ಬೆಲೆಯೊಳಗೇ ಸೇರಬೇಕು. ಆ ಕೂಲಿಯನ್ನು ಯಾವ ಯೋಜನೆಯೂ ಕೊಡದಿದ್ದರೆ ಮೀನೇ ಕೊಡಬೇಕು. ಆದ್ದರಿಂದ ಮುಂದಿನ ಸಲ ಫೋರ್ಟ್ ಕೊಚ್ಚಿಗೆ ಹೋದಾಗ ಫೋಟೊ ತೆಗೆದು ಹಾಗೇ ಬರಬೇಡಿ. ಬಲೆಯ ಪಕ್ಕದಲ್ಲೇ ಮೀನು ಮಾರುತ್ತಾರೆ, ಚೌಕಾಸಿ ಮಾಡದೆ ಒಂದಿಷ್ಟು ಕೊಳ್ಳಿ.