ಗುಟ್ಟು ಯಾರದ್ದು?

ನಮ್ಮ ಮನ್ಮನೆ ಕಡೆ ಕ್ಯಾನ್ಸರಿಗೆ ಹೆಸರಿಲ್ಲ. ‘ಅವಳಿಗೆ ಆ ಖಾಯಿಲೆ ಅಡ’ ಅಂತ ದನಿ ತಗ್ಗಿಸಿದರೆ ಎಲ್ಲರಿಗೂ ಅರ್ಥ ಆಗತ್ತೆ. ಹುಬ್ಬಳ್ಳಿಯ ನವನಗರಕ್ಕೋ ಮಣಿಪಾಲಕ್ಕೋ ಹೋಗಿ ಬಂದವರನ್ನು ಕೇಳಿದರೆ ‘ಎಂತದೋ ಗಡ್ಡೆ, ತೆಗೆಸಿ ಆತು’ ಅನ್ನೋ ಉತ್ತರ. ಮನೇಲಿ ಮದುವೆಗೆ ಬಂದ ಕೂಸು ಇದ್ದರೆ ಅಷ್ಟೂ ಇಲ್ಲ. ಅಡಿಕೆ ಬೆಳೆಯೋ ಊರಿಗೆ ಆ ಪದ ಇನ್ನೊಂದು ಕಾರಣಕ್ಕೂ ಕಹಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ದುಡ್ಡಲ್ಲೇ ಬಿಇ ಮುಗಿಸಿದ ನಾನು ಆ ಜಗಳವನ್ನ ಇನ್ನೊಂದು ದಿನಕ್ಕೆ ಇಟ್ಟುಕೊಳ್ತೀನಿ.

ಇವತ್ತಿನ ವಿಷಯ ತೂಕ ಇಳಿಸೋ ಇಂಜೆಕ್ಷನ್. 2025ರ ಮಾರ್ಚಿನಲ್ಲಿ ಮೌಂಜಾರೋ, ಜೂನಿನಲ್ಲಿ ವೆಗೋವಿ ಭಾರತಕ್ಕೆ ಬಂದವು. ಆಮೇಲೆ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಷೇರು ಮಾರುಕಟ್ಟೆಗಿಂತ ಜಾಸ್ತಿ ಇದರದ್ದೇ ಮಾತು. ಕೇಳೋರಲ್ಲಿ ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿದವರೂ ಇದ್ದಾರೆ. ಸ್ಟೀರಾಯ್ಡ್, ಅಕಾಲದಲ್ಲಿ ನಿಂತ ಮುಟ್ಟು, ವ್ಯಾಯಾಮವಿಲ್ಲದ ತಿಂಗಳುಗಳು, ಹೀಗೆ ತೂಕ ಏರೋದಕ್ಕೆ ಅವರಿಗೆ ಬೇಕಾದಷ್ಟು ಕಾರಣ ಉಂಟು. ಅವರಿಗೆ ಸಿಗೋ ಬುದ್ಧಿವಾದ ಮಾತ್ರ ಒಂದೇ: ‘ಜೀವ ಉಳಿದಿದ್ದೇ ದೊಡ್ಡದು, ಇನ್ನು ತೂಕದ ಚಿಂತೆ ಎಂತಕ್ಕೆ?’ ಈ ಮಾತು ನನಗೆ ಒಪ್ಪಿಗೆಯಿಲ್ಲ. ದಿನವಿಡೀ ಕೂತು ಹೊಟ್ಟೆ ಬೆಳೆಸಿದ ನನಗೆ ಯಾರೂ ಹೀಗನ್ನೋದಿಲ್ಲ. ಬದುಕಿ ಬಂದವಳು ಮಂಡಿನೋವು, ಸಕ್ಕರೆ, ಹಳೇ ರವಿಕೆ ಇಂಥ ಸಾಮಾನ್ಯ ಚಿಂತೆಗಳಿಗೆ ಮರಳಿದ್ದಾಳೆ ಅಂದರೆ ಅದು ಖುಷಿಯ ವಿಷಯವೇ.

ಆದರೆ ಅವಳ ಪ್ರಶ್ನೆಗೆ ಉತ್ತರ ತೆಳುವಾಗಿದೆ. 2021ರಲ್ಲಿ ಪ್ರಕಟವಾದ ಸೆಮಾಗ್ಲುಟೈಡಿನ ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇ. 15ರಷ್ಟು ತೂಕ ಇಳೀತು. ಹಿಂದಿನ ಐದು ವರ್ಷದೊಳಗೆ ಕ್ಯಾನ್ಸರ್ ಆಗಿದ್ದವರನ್ನ (ಕೆಲವು ಚರ್ಮದ ಕ್ಯಾನ್ಸರ್ ಬಿಟ್ಟು) ಅದಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಟೆಸ್ಟ್ ಮಾಡದ ಡಿವೈಸಿನ ಮೇಲೂ ಕೋಡ್ ಓಡಬಹುದು, ಆದರೆ ‘ಟೆಸ್ಟೆಡ್’ ಅಂತ ನಾವು ಸಹಿ ಹಾಕೋದಿಲ್ಲ. ಬೇರೆ ಜಾತಿಯ ಔಷಧವಾದರೂ ಲೋರ್ಕಾಸೆರಿನ್ ಕಥೆ ಇಲ್ಲಿ ನೆನಪಾಗತ್ತೆ. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಆ ಮಾತ್ರೆಯನ್ನ 2020ರಲ್ಲಿ ಹಿಂದಕ್ಕೆ ತಗೊಂಡರು. ಸುಮಾರು 12,000 ಜನರನ್ನು ವರ್ಷಗಟ್ಟಲೆ ನೋಡಿದಾಗ ಮಾತ್ರೆ ತಗೊಂಡವರಲ್ಲಿ ಶೇ. 7.7, ತಗೊಳ್ಳದವರಲ್ಲಿ ಶೇ. 7.1 ಜನರಿಗೆ ಕ್ಯಾನ್ಸರ್ ಕಂಡಿತ್ತು. ಇಷ್ಟು ಸಣ್ಣ ಅಂತರ ಕಣ್ಣಿಗೆ ಬೀಳೋಕೆ ಅಷ್ಟು ವರ್ಷ ಬೇಕಾಯ್ತು.

ಇನ್ನೊಂದು ತೊಡಕು ಊರಿನವರಿಗೇ ಚೆನ್ನಾಗಿ ಗೊತ್ತು. ಬಸ್ಸಿಳಿದ ಕೂಡಲೇ ‘ಎಂತಾ ಮಾಣಿ, ಸೊರಗಿದ್ಯಲ’ ಅಂತಾರಲ್ಲ, ಅದು ದುಡ್ಡಿಲ್ಲದ ತಪಾಸಣೆ. ಕಾರಣವಿಲ್ಲದೆ ಸೊರಗೋದು ಖಾಯಿಲೆ ಮರಳಿದ ಸೂಚನೆಯೂ ಆಗಿರಬಹುದು. ಇಂಜೆಕ್ಷನ್ ತಗೊಂಡ ಮೇಲೆ ಆ ಗಂಟೆ ಯಾವ ಕಾರಣಕ್ಕೆ ಹೊಡೀತಿದೆ ಅಂತ ತಿಳಿಯೋದು ಕಷ್ಟ. ಕೊಬ್ಬಿನ ಜೊತೆ ಸ್ನಾಯುವೂ ಕರಗತ್ತೆ. ಹಾಗಾಗಿ ಮೊದಲು ಕೇಳಬೇಕಾದ್ದು ಕ್ಯಾನ್ಸರ್ ನೋಡಿದ ಡಾಕ್ಟರನ್ನೇ, ಐದು ನಿಮಿಷದ ವೀಡಿಯೋ ಕಾಲಿನವರನ್ನಲ್ಲ.

ಇನ್ನು ನನ್ನನ್ನು ಹೆಚ್ಚು ಕಾಡೋ ಮಾತಿಗೆ ಬರ್ತೀನಿ. ಈ ಔಷಧಗಳು ಇಲಿಗಳಲ್ಲಿ ಥೈರಾಯ್ಡಿನ ಒಂದು ಬಗೆಯ ಗಡ್ಡೆ ತಂದಿವೆ. ಮನುಷ್ಯರಲ್ಲಿ ಹಾಗಾಗತ್ತೆ ಅಂತ ಸಾಬೀತಾಗಿಲ್ಲ. ಆದರೂ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಸ್ವತಃ ಆಗಿದ್ದವರು ಮಾತ್ರ ಅಲ್ಲ, ಮನೆತನದಲ್ಲಿ ಇದ್ದವರೂ ತಗೊಳ್ಳಬಾರದು ಅಂತ ಲೇಬಲ್ಲಿನಲ್ಲೇ ಎಚ್ಚರಿಕೆ ಇದೆ. ಥೈರಾಯ್ಡ್ ಕ್ಯಾನ್ಸರಿನಲ್ಲಿ ಇದು ಅಪರೂಪದ್ದು. ಆದರೆ ಸುಮಾರು ಕಾಲು ಭಾಗ ವಂಶದಿಂದ ಬರುವಂಥದ್ದು, ಅಂಥ ಕಡೆ ಪ್ರತಿ ಮಗುವಿಗೂ ದೋಷ ಇಳಿದು ಬರೋ ಸಾಧ್ಯತೆ ಅರ್ಧಕ್ಕರ್ಧ. ಫಾರ್ಮಿನಲ್ಲಿ ‘ಕುಟುಂಬದಲ್ಲಿ ಯಾರಿಗಾದರೂ?’ ಅಂತ ಕೇಳಿದರೆ ನಾವು ಸಲೀಸಾಗಿ ‘ಇಲ್ಲ’ ಒತ್ತುತ್ತೀವಿ. ನಿಜವಾದ ಉತ್ತರ ‘ಗೊತ್ತಿಲ್ಲ’. ಡೇಟಾಬೇಸಿನಲ್ಲಿ ನಲ್ ಮತ್ತು ಸೊನ್ನೆ ಒಂದೇ ಅಂತ ಬರೆದ ಹುಡುಗನ ಕೋಡನ್ನು ನಾನು ರಿವ್ಯೂನಲ್ಲಿ ವಾಪಸ್ ಕಳಿಸ್ತೀನಿ.

ಹಾಗಾದರೆ ಸೋದರತ್ತೆಯ ಕುತ್ತಿಗೆಯ ಗಡ್ಡೆ ಅವಳೊಬ್ಬಳ ಗುಟ್ಟೇ? ಅವಳು ಸುಮ್ಮನೆ ಮುಚ್ಚಿಟ್ಟಿಲ್ಲ. ಹೇಳಿದ್ದರೆ ಮಗಳ ಜಾತಕ ವಾಪಸ್ ಬರ್ತಿತ್ತು. ಸಂಬಂಧ ಮುರಿಯೋ ಸಮಾಜಕ್ಕೆ ‘ಎಲ್ಲ ಬಿಚ್ಚಿ ಹೇಳು’ ಅನ್ನೋ ಅಧಿಕಾರ ಇಲ್ಲ ಅಂತಲೇ ನನ್ನ ಲೆಕ್ಕ. ಆದರೆ ಅವಳ ಅಣ್ಣನ ಮಗ ಸಮಾಜ ಅಲ್ಲ, ಅದೇ ರಕ್ತ. ಊರಿಗೆ ಹೇಳಬೇಕಾಗಿಲ್ಲ. ಒಡಹುಟ್ಟಿದವರಿಗೆ, ಅವರ ಮಕ್ಕಳಿಗೆ ಮೂರು ಮಾತು ಸಾಕು: ಯಾವ ಅಂಗ, ಯಾವ ಬಗೆ, ಎಷ್ಟನೇ ವಯಸ್ಸಿನಲ್ಲಿ. ಕೇಳಿಸಿಕೊಂಡವನು ಅದನ್ನ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಮುಂದಿನ ಸಲ ಯಾರೂ ಬಾಯಿ ಬಿಡೋದಿಲ್ಲ, ಅದೂ ನ್ಯಾಯವೇ.

ದೊಡ್ಡಹಬ್ಬಕ್ಕೆ ಊರಿಗೆ ಹೋದಾಗ ಅತ್ತೆ ಒಪ್ಪಿದರೆ ಕಪಾಟಿನ ಪ್ಲಾಸ್ಟಿಕ್ ಚೀಲದಲ್ಲಿರೋ ಹಳೇ ಫೈಲು ತೆಗೆಸಿ. ಬಿಲ್ಲು, ಎಕ್ಸ್‌ರೇ ಬೇಡ. ಬಯಾಪ್ಸಿ ರಿಪೋರ್ಟಿನ ಕೊನೆಯ ಸಾಲು ನೋಡಿ.