ಕ್ರಿಸ್ತಜಯಂತಿಯ ಮರಕ್ಕೆ ಕಾಗದದ ಅಲಂಕಾರ

ಓದತಕ್ಕ ವೇದಭಾಗ: ವಿಮೋಚನಕಾಂಡ ೩೫:೨೦–೨೯



ಆಗಮನ ಕಾಲವು ಬಂತೆಂದರೆ ನಮ್ಮ ಹಳ್ಳಿಯ ಸಭೆಗಳಲ್ಲಿ ಮಕ್ಕಳ ಕೈಯಿಂದ ತಪ್ಪಿಸಿಕೊಳ್ಳುವ ಕಾಗದವೇ ಇಲ್ಲ. ಹೋದ ವರುಷದ ಕ್ಯಾಲೆಂಡರಿನ ಹಾಳೆ, ಮದುವೆಯ ಕರೆಯೋಲೆ, ಬರೆದು ಮುಗಿದ ಲೆಕ್ಕದ ಪುಸ್ತಕ, ಅಂಗಡಿಯವನು ಬೆಲ್ಲ ಕಟ್ಟಿಕೊಟ್ಟ ಪೊಟ್ಟಣ, ಎಲ್ಲವೂ ಕತ್ತರಿಯ ಬಾಯಿಗೆ ಬೀಳುತ್ತವೆ. ಒಂದು ಸಲ ಸಭೆಯ ಚಂದಾ ರಸೀದಿ ಪುಸ್ತಕದ ಅರ್ಧ ಭಾಗವು ಸರಪಳಿಯಾಗಿ ತೂಗಾಡಿದ್ದನ್ನು ನಾವು ಕಣ್ಣಾರೆ ಕಂಡೆವು; ನೋಡಿದವರೆಲ್ಲರೂ ನಕ್ಕರು, ಖಜಾಂಚಿಯವರು ಮಾತ್ರ ನಗಲಿಲ್ಲ.

ಈ ಕೆಲಸದ ವಿಷಯವಾಗಿ ಎರಡು ವಿಧವಾದ ಮಾತುಗಳು ನಮ್ಮ ಕಿವಿಗೆ ಬೀಳುತ್ತಿರುವದುಂಟು. ಮರವನ್ನು ಶೃಂಗರಿಸುವದು ಅನ್ಯರ ಆಚಾರವಲ್ಲವೇ, ವಿಗ್ರಹಗಳನ್ನು ಬಿಟ್ಟು ಬಂದ ನಮಗೆ ಇದು ಯಾತಕ್ಕೆ, ಎಂದು ಕೆಲವರು ಸಂದೇಹಪಡುತ್ತಾರೆ. ಇನ್ನು ಕೆಲವರು ಸಂದೇಹವಿಲ್ಲದೆ ಪೇಟೆಗೆ ಹೋಗಿ, ಸಾಲ ಮಾಡಿಯಾದರೂ ಹೊಳೆಯುವ ಪ್ಲಾಸ್ಟಿಕ್ ಗುಂಡುಗಳನ್ನೂ ಬಣ್ಣದ ದೀಪದ ಸರಗಳನ್ನೂ ತಂದು, ಕಾಗದದ ಹೂವು ಬಡವರ ಲಕ್ಷಣವೆಂದು ಬದಿಗೆ ತಳ್ಳುತ್ತಾರೆ. ಇವೆರಡನ್ನೂ ದೇವರ ವಾಕ್ಯದ ಮುಂದೆ ಇಟ್ಟು ನೋಡೋಣ.

ಮೊದಲು ಮರದ ಪೂರ್ವಸಂಗತಿಯನ್ನು ತಿಳಿದುಕೊಳ್ಳುವದು ಒಳ್ಳೆಯದು. ರೈನ್ ನದಿಯ ಸಮೀಪದಲ್ಲಿ ಸ್ಟ್ರಾಸ್‌ಬುರ್ಗ್ ಎಂಬ ಪಟ್ಟಣವುಂಟು. ಅದು ಈಗ ಫ್ರಾನ್ಸ್ ದೇಶಕ್ಕೆ ಸೇರಿದೆ. ಆಗ ಜರ್ಮನ್ ಭಾಷೆಯವರ ಸ್ವತಂತ್ರ ಪಟ್ಟಣವಾಗಿತ್ತು. ೧೬೦೫ರಲ್ಲಿ ಅಲ್ಲಿನ ವಾಡಿಕೆಗಳನ್ನು ಕುರಿತು ಬರೆದಿಟ್ಟ ಒಬ್ಬನು, ಜಯಂತಿಯ ಕಾಲದಲ್ಲಿ ಜನರು ಮನೆಯೊಳಗೆ ಫರ್ ಮರವನ್ನು ನಿಲ್ಲಿಸಿ, ಅದಕ್ಕೆ ಬಣ್ಣಬಣ್ಣದ ಕಾಗದದಿಂದ ಕತ್ತರಿಸಿದ ಗುಲಾಬಿಗಳನ್ನೂ ಸೇಬುಗಳನ್ನೂ ತೆಳುವಾದ ರೊಟ್ಟಿಬಿಲ್ಲೆಗಳನ್ನೂ ಚಿನ್ನದ ಬಣ್ಣದ ತಗಡನ್ನೂ ಸಕ್ಕರೆಯ ತಿನಿಸನ್ನೂ ತೂಗಹಾಕುತ್ತಾರೆಂದು ತಿಳಿಸಿದ್ದಾನೆ. ಇದನ್ನು ಚೆನ್ನಾಗಿ ಗಮನಿಸಿರಿ: ಅವನು ಎಣಿಸಿದವುಗಳಲ್ಲಿ ಮೊದಲನೆಯದು ಕಾಗದದ ಹೂವು. ಗಾಜಿನ ಗುಂಡುಗಳು ಮರವನ್ನು ಹತ್ತಿದ್ದು ಎರಡು ನೂರಕ್ಕೂ ಹೆಚ್ಚು ವರುಷಗಳ ತರುವಾಯ. ಪ್ಲಾಸ್ಟಿಕ್ಕಿನವು ಇನ್ನೂ ಈಚಿನವು. ಆದದರಿಂದ ಕಾಗದವನ್ನು ಬಡವರ ಲಕ್ಷಣವೆಂದು ಹೀನೈಸುವವರು ಹಿರಿಯವಳನ್ನು ಮನೆಯಿಂದ ಹೊರಗೆ ನಿಲ್ಲಿಸಿ ಕಿರಿಯವಳಿಗೆ ಮಣೆಹಾಕಿದಂತಾಯಿತು.

ಆ ಸೇಬುಗಳಿಗೂ ಒಂದು ಕಾರಣವುಂಟು. ಜಯಂತಿಯ ಹಿಂದಿನ ದಿನವಾದ ಡಿಸೆಂಬರ್ ೨೪ ಆ ಸೀಮೆಯಲ್ಲಿ ಆದಾಮ ಹವ್ವರ ದಿನವೆಂದು ಎಣಿಸಲ್ಪಡುತ್ತಿತ್ತು. ಪಾಪದಲ್ಲಿ ಬಿದ್ದ ಕಥೆಯನ್ನು ಜನರ ಮುಂದೆ ಆಡಿ ತೋರಿಸುವಾಗ ಸೇಬು ಕಟ್ಟಿದ ಮರವನ್ನು ನಿಲ್ಲಿಸುತ್ತಿದ್ದರು. ಗುಲಾಬಿಯಾದರೋ, ಯೆಶಾಯನ ಹನ್ನೊಂದನೆಯ ಅಧ್ಯಾಯದಲ್ಲಿ ಇಷಯನ ಬುಡದಿಂದ ಒಡೆದು ಬರುವದೆಂದು ಹೇಳಿದ ಚಿಗುರನ್ನು ಸೂಚಿಸುತ್ತದೆಂದು ಅರ್ಥ ಹೇಳುವವರುಂಟು. ಹೀಗಾದರೆ ಬೀಳುವಿಕೆಯೂ ಬಿಡುಗಡೆಯೂ ಒಂದೇ ಕೊಂಬೆಯಲ್ಲಿ ತೂಗಿದವು.

ಆದರೆ ಸಂದೇಹಪಡುವವರನ್ನು ನಾವು ಸುಮ್ಮನೆ ಗದರಿಸಿ ಕಳುಹಿಸಬಾರದು. ಅವರಿಗಿಂತ ಮುಂಚೆ ಅದೇ ಸ್ಟ್ರಾಸ್‌ಬುರ್ಗಿನ ದೊಡ್ಡ ದೇವಾಲಯದಲ್ಲಿ ಪ್ರಸಂಗ ಮಾಡುತ್ತಿದ್ದ ಯೋಹಾನ್ ಕಾನ್ರಾಡ್ ಡಾನ್‌ಹಾವರ್ ಎಂಬ ಲೂಥರನ್ ಬೋಧಕರು ಸಂದೇಹಪಟ್ಟರು. ೧೬೦೫ರ ಆ ಬರಹವಾಗಿ ಕೆಲವು ದಶಕಗಳಾದ ಮೇಲೆ ಅವರು, ಗೊಂಬೆಯನ್ನೂ ಸಕ್ಕರೆಯನ್ನೂ ಕಟ್ಟುವ ಈ ಮರವು ಎಲ್ಲಿಂದ ಬಂತೋ ತಿಳಿಯದೆಂದೂ, ಜನರು ದೇವರ ವಾಕ್ಯಕ್ಕಿಂತ ಹೆಚ್ಚಾಗಿ ಇಂಥ ಕ್ಷುಲ್ಲಕಗಳಲ್ಲಿ ಹಬ್ಬವನ್ನು ಕಳೆಯುತ್ತಾರೆಂದೂ, ಮಕ್ಕಳಿಗೆ ಆತ್ಮೀಯ ದೇವದಾರು ಮರವಾದ ಕ್ರಿಸ್ತನನ್ನೇ ತೋರಿಸುವದು ಮೇಲೆಂದೂ ಬರೆದರು. ಅವರ ಮಾತಿನಲ್ಲಿ ಸತ್ಯವಿದೆ. ಮರಕ್ಕಾಗಿ ಮೂರು ರಾತ್ರಿ ಎಚ್ಚರವಿದ್ದು ಹಬ್ಬದ ಮುಂಜಾನೆಯ ಆರಾಧನೆಯಲ್ಲಿ ತೂಕಡಿಸುವವರು ನಮ್ಮಲ್ಲಿ ಇಲ್ಲವೇ?

ಯೆರೆಮೀಯನ ಹತ್ತನೆಯ ಅಧ್ಯಾಯವನ್ನು ತೋರಿಸುವವರಿಗಾದರೋ ಬೇರೆ ಉತ್ತರವುಂಟು. ಕಾಡಿನಲ್ಲಿ ಕಡಿದ ಮರಕ್ಕೆ ಬೆಳ್ಳಿಬಂಗಾರವನ್ನು ಹೊದಿಸಿ ಮೊಳೆ ಹೊಡೆದು ನಿಲ್ಲಿಸುವ ಸಂಗತಿ ಅಲ್ಲಿದೆ ನಿಜ. ಅದು ದೇವರೆಂದು ಭಯಪಡಲ್ಪಟ್ಟ ವಿಗ್ರಹ. ಮಾತಾಡಲಾರದ್ದು, ನಡೆಯಲಾರದೆ ಹೊರಿಸಿಕೊಂಡು ಹೋಗಬೇಕಾದದ್ದು. ನಾವು ಮರದ ಮುಂದೆ ಕೈಮುಗಿಯುವದಿಲ್ಲ, ಹರಕೆ ಹೊರುವದಿಲ್ಲ. ಹಬ್ಬ ತೀರಿದ ಮೇಲೆ ಅದೇ ಕೊಂಬೆಯಿಂದ ನೀರು ಕಾಯಿಸುತ್ತೇವೆ. ಆದಾಗ್ಯೂ ಸಭೆಯಲ್ಲಿ ಹೊಸದಾಗಿ ಸೇರಿದವರು ಮರಕ್ಕೆ ಹೂವೇರಿಸಿ ದೀಪ ಎತ್ತುವದನ್ನು ಕಂಡರೆ, ನಗದೆ ಬೈಯದೆ ಹತ್ತಿರ ಕೂತು ತಿಳಿಯಹೇಳತಕ್ಕದ್ದು.

ಬಾಸೆಲ್ ಮಿಶನ್ನಿನ ಮೊದಲ ಬೋಧಕರು ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದರು. ಆ ಮಿಶನ್ನಿನಿಂದ ನಮ್ಮ ಸೀಮೆಗೆ ಬಂದವರಲ್ಲಿ ಅನೇಕರು ದಕ್ಷಿಣ ಜರ್ಮನಿಯ ವುರ್ಟೆಂಬೆರ್ಗಿನವರು. ಜಯಂತಿಯ ಮರದ ವಾಡಿಕೆ ಅವರ ದೇಶದ್ದು. ನಮಗೆ ಫರ್ ಮರ ಎಲ್ಲಿ ಸಿಕ್ಕಬೇಕು? ಸರ್ವೆಮರದ ಕೊಂಬೆಯನ್ನು, ಕರಾವಳಿಯವರು ಗಾಳಿಮರವೆನ್ನುವದನ್ನು, ಮರಳು ತುಂಬಿದ ಡಬ್ಬಿಯಲ್ಲಿ ನಿಲ್ಲಿಸುತ್ತೇವೆ. ಅದರ ಕೊಂಬೆಗಳು ಬಲು ಸಣ್ಣವು, ಭಾರವನ್ನು ಹೊರಲಾರವು. ಕಾಗದವೇ ಅದಕ್ಕೆ ಸರಿಯಾದದ್ದು.

ಈ ಕೆಲಸದಲ್ಲಿ ಎಂಥೆಂಥವರ ಕೈಗಳು ದುಡಿದವೆಂಬದನ್ನು ಸ್ವಲ್ಪ ಹೇಳುತ್ತೇವೆ. ಜರ್ಮನಿಯ ನೀಸ್ಕಿ ಎಂಬ ಊರಿನಲ್ಲಿ ಮೊರಾವಿಯನ್ ಸಭೆಯವರ ವಸತಿಶಾಲೆಯಿತ್ತು. ಅವರ ಇಂಥ ಶಾಲೆಗಳಲ್ಲಿ, ದೂರದೇಶಗಳಲ್ಲಿ ಸುವಾರ್ತೆಯ ಸೇವೆ ಮಾಡುತ್ತಿದ್ದವರ ಮಕ್ಕಳು ತಂದೆತಾಯಿಗಳನ್ನು ಅಗಲಿ ಓದುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿ ರೇಖಾಗಣಿತದ ಪಾಠಕ್ಕೆಂದು ಕಾಗದದ ನಕ್ಷತ್ರವನ್ನು ಕಟ್ಟಿಸಿದರು. ನಾಲ್ಕು ಮುಖದ ಹದಿನೇಳು ಮೊನೆಗಳು, ಮೂರು ಮುಖದ ಎಂಟು ಮೊನೆಗಳು, ಹೀಗೆ ಇಪ್ಪತ್ತೈದು ಮೊನೆಗಳುಳ್ಳ ಆ ನಕ್ಷತ್ರವು ಈಗ ಲೋಕದ ಅನೇಕ ದೇಶಗಳಲ್ಲಿ ಆಗಮನದ ಮೊದಲನೆಯ ಭಾನುವಾರ ಬೆಳಗುತ್ತದೆ. ಮನೆಯನ್ನು ನೆನಸಿಕೊಂಡು ಅಳುವ ವಯಸ್ಸಿನ ಹುಡುಗರು ಅದನ್ನು ಅಂಟಿಸಿದರೆಂಬದನ್ನು ನೆನಸಿದಾಗ ನಮಗೆ ಆ ಗಣಿತವು ಬೇರೆ ರೀತಿಯಾಗಿ ಕಾಣುತ್ತದೆ.

ಡೆನ್ಮಾರ್ಕ್ ದೇಶದಲ್ಲಿ ಮರಕ್ಕೆ ಕಾಗದದ ಹೃದಯಗಳನ್ನು ಹೆಣೆದು ತೂಗಹಾಕುವರು. ಈಗ ಉಳಿದಿರುವವುಗಳಲ್ಲಿ ಅತಿ ಹಳೆಯದೆಂದು ತಿಳಿದಿರುವದು ೧೮೬೦ರ ಸುಮಾರಿನದು. ಅದನ್ನು ಮಾಡಿದವರು ಕಥೆಗಾರರಾದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್. ಅವರು ಚಪ್ಪಲಿ ಹೊಲಿಯುವವನ ಮಗ. ತಾಯಿ ಬಟ್ಟೆ ಒಗೆದು ಹೊಟ್ಟೆ ಹೊರೆದವಳು. ಈ ಹೃದಯವನ್ನು ನಮ್ಮ ಮಕ್ಕಳೂ ಮಾಡಬಹುದು. ಎರಡು ಬಣ್ಣದ ಎರಡು ಉದ್ದನೆಯ ಕಾಗದಗಳನ್ನು ತೆಗೆದುಕೊಂಡು ಒಂದೊಂದನ್ನೂ ನಡುವೆ ಮಡಿಸಿ, ತೆರೆದಿರುವ ತುದಿಯನ್ನು ದುಂಡಗೆ ಕತ್ತರಿಸಿರಿ. ಮಡಿಕೆಯ ಕಡೆಯಿಂದ ಕಾಗದದ ಅಗಲಕ್ಕಿಂತ ತುಸು ಹೆಚ್ಚು ಉದ್ದಕ್ಕೆ ಎರಡು ಮೂರು ಸೀಳುಗಳನ್ನು ಮಾಡಿರಿ. ಆಮೇಲೆ ಎರಡನ್ನೂ ಅಡ್ಡಡ್ಡವಾಗಿ ಹಿಡಿದು ಹೆಣೆಯಬೇಕು. ಚಾಪೆ ಹೆಣೆಯುವಂತೆ ಮೇಲೆ ಕೆಳಗೆ ಅಲ್ಲ. ಒಂದು ಪಟ್ಟಿಯು ಇನ್ನೊಂದರ ಹೊಟ್ಟೆಯೊಳಗೆ ಹೊಕ್ಕು, ಮುಂದಿನದನ್ನು ತನ್ನ ಹೊಟ್ಟೆಯೊಳಗೆ ಹೊಗಿಸಿಕೊಳ್ಳಬೇಕು. ಆತುರಪಟ್ಟು ಎಳೆದರೆ ಹರಿಯುತ್ತದೆ. ಮುಗಿದಾಗ ಅದು ಚೀಲದಂತೆ ಬಾಯಿ ತೆರೆಯುವದು. ಹುರಿದ ಕಡಲೆಕಾಯಿ ಬೀಜವನ್ನು ತುಂಬಿ ಕಾಗದದ ಹಿಡಿಯಿಂದ ಕೊಂಬೆಗೆ ತೂಗಹಾಕಬಹುದು.

ಅಂಟಿಗಾಗಿ ದುಡ್ಡು ವೆಚ್ಚ ಮಾಡುವದು ಬೇಡ. ಮೈದಾ ಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದೆ ಕದಡಿ ಸಣ್ಣ ಉರಿಯಲ್ಲಿ ಕುದಿಸಿದರೆ ಸಾಕು. ಹುಳ ಹಿಡಿಯದಿರಲೆಂದು ಮೈಲುತುತ್ತ ಹಾಕುವದು ಪುಸ್ತಕ ಕಟ್ಟುವವರ ವಾಡಿಕೆ. ಅದು ವಿಷ, ಮಕ್ಕಳು ಬೆರಳನ್ನು ಬಾಯಿಗಿಡುವವರು, ಆದದರಿಂದ ಕೂಡದು. ಕಾಗದ ಕಟ್ಟಿದ ಮರದ ಹತ್ತಿರ ಮೇಣದ ಬತ್ತಿಯನ್ನು ಯಾವ ಕಾರಣಕ್ಕೂ ಹಚ್ಚಬೇಡಿರಿ. ಒಣಗಿದ ಸರ್ವೆಯ ಕೊಂಬೆ ಹತ್ತಿಕೊಂಡರೆ ಚಪ್ಪರವನ್ನು ಉಳಿಸಲಿಕ್ಕೆ ಆಗದು. ಕತ್ತರಿಸಿ ಮಿಕ್ಕ ಚೂರುಗಳನ್ನು ಗುಡಿಸಿ ಎಸೆಯದೆ ಪುಟ್ಟ ಮಕ್ಕಳಿಗೆ ಕೊಡಿರಿ. ಐದು ಸಾವಿರ ಜನರು ಉಂಡ ಮೇಲೆ ತುಂಡುಗಳು ಹಾಳಾಗಬಾರದೆಂದು ಕೂಡಿಸಲು ಅಪ್ಪಣೆಕೊಟ್ಟಾತನ ಹುಟ್ಟುಹಬ್ಬವಲ್ಲವೇ ಇದು.

ಈಗ ನಮ್ಮ ವೇದಭಾಗಕ್ಕೆ ಬರೋಣ. ಅರಣ್ಯದಲ್ಲಿ ದೇವದರ್ಶನದ ಗುಡಾರವನ್ನು ಕಟ್ಟುವಾಗ ಮನಸ್ಸುಳ್ಳವರೆಲ್ಲರೂ ತಮ್ಮತಮ್ಮಲ್ಲಿ ಇದ್ದದ್ದನ್ನು ತಂದರು. ಅಧಿಪತಿಗಳು ರತ್ನಗಳನ್ನು ತಂದರು. ಕೆಲವು ಹೆಂಗಸರು ಆಡಿನ ಕೂದಲನ್ನು ನೂತರು. ರತ್ನದ ಪಕ್ಕದಲ್ಲಿ ಆಡಿನ ಕೂದಲೆಷ್ಟರದು? ಅದಾದರೂ ಕಾಣುವ ಸ್ಥಳದಲ್ಲಿತ್ತೋ? ಇಪ್ಪತ್ತಾರನೆಯ ಅಧ್ಯಾಯವನ್ನು ಓದಿರಿ. ಒಳಗೆ ನಿಂತವರಿಗೆ ಕಾಣುತ್ತಿದ್ದದ್ದು ಕೆರೂಬಿಗಳ ಚಿತ್ರವುಳ್ಳ ನಾರುಬಟ್ಟೆಯ ಹತ್ತು ಪರದೆಗಳು. ಅವುಗಳ ಮೇಲೆ ಆಡಿನ ಕೂದಲಿನ ಹನ್ನೊಂದು ಪರದೆಗಳು. ಅವುಗಳ ಮೇಲೆ ಮತ್ತೆ ತೊಗಲಿನ ಹೊದಿಕೆ. ಒಳಗಿನಿಂದ ನೋಡಿದವನಿಗೂ ಹೊರಗಿನಿಂದ ನೋಡಿದವನಿಗೂ ಆ ಹೆಂಗಸರ ಕೆಲಸದಲ್ಲಿ ಹೆಚ್ಚಿನದು ಮರೆಯಾಗಿಯೇ ಇತ್ತು. ಹಾಗಿದ್ದರೂ ಅವರು ನೂತರೆಂಬದನ್ನು ದೇವರು ತನ್ನ ಗ್ರಂಥದಲ್ಲಿ ಬರೆಯಿಸಿ ಇಟ್ಟಿದ್ದಾನೆ.

ಈ ವಾಕ್ಯವನ್ನು ನಾವು ಒಮ್ಮೆ ತಪ್ಪಾಗಿ ಉಪಯೋಗಿಸಿದೆವು. ಅದನ್ನು ಮರೆಮಾಡದೆ ಹೇಳಬೇಕಾಗಿದೆ.

ಕೆಲವು ವರುಷಗಳ ಹಿಂದೆ ನಾವು ಸೇವೆಯಲ್ಲಿದ್ದ ಒಂದು ಹಳ್ಳಿಯ ಸಭೆಯಲ್ಲಿ, ಪ್ರತಿ ಮನೆಯಿಂದ ಮರಕ್ಕೆ ಒಂದು ಅಲಂಕಾರವನ್ನು ತರಬೇಕೆಂದು ಪ್ರಕಟಿಸಿದೆವು. ಸ್ಥಿತಿವಂತರಾದ ಒಂದು ಮನೆಯವರು ಪೇಟೆಯಿಂದ ಒಂದು ಪೆಟ್ಟಿಗೆ ಹೊಳೆಯುವ ಗುಂಡುಗಳನ್ನು ತರಿಸಿಕೊಟ್ಟರು. ಆ ವರುಷದ ಪುನರುತ್ಥಾನದ ಹಬ್ಬದಲ್ಲಿ ದೀಕ್ಷಾಸ್ನಾನ ಹೊಂದಿದ್ದ ಕೂಲಿಯ ಹೆಂಗಸೊಬ್ಬಳ ಮಗಳು, ಎಂಟು ವರುಷದವಳು, ಸಿಮೆಂಟಿನ ಚೀಲದ ಕಾಗದದಿಂದ ಒಂದು ನಕ್ಷತ್ರವನ್ನು ಮಾಡಿ ತಂದಳು. ರಾಗಿಯ ಗಂಜಿಯಿಂದ ಅಂಟಿಸಿ ಅರಸಿನದ ನೀರು ಬಳಿದಿದ್ದಳು. ಕಂದು ಕಾಗದಕ್ಕೆ ಅರಸಿನ ಹತ್ತೀತೇ? ಅದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಒಂದು ಮೂಲೆ ಉದ್ದ, ಒಂದು ಮೂಲೆ ಬಾಗಿದ್ದು. ಪೇಟೆಯಿಂದ ಅತಿಥಿಗಳು ಬರುವವರಿದ್ದರು. ನಾವು ಅದನ್ನು ತೆಗೆದುಕೊಂಡು, ಚೆನ್ನಾಗಿದೆಯಮ್ಮಾ ಎಂದು ಹೇಳಿ, ಮರದ ಹಿಂಭಾಗದಲ್ಲಿ ಗೋಡೆಯ ಕಡೆಯ ಕೆಳಗಿನ ಕೊಂಬೆಗೆ ಕಟ್ಟಿದೆವು. ಮನಸ್ಸು ಸ್ವಲ್ಪ ಚುಚ್ಚಿದಾಗ ಆಡಿನ ಕೂದಲಿನ ಪರದೆಯನ್ನು ನೆನಪಿಗೆ ತಂದುಕೊಂಡು, ಮರೆಯಲ್ಲಿದ್ದರೇನು, ದೇವರು ನೋಡುತ್ತಾನಲ್ಲಾ ಎಂದು ಸಮಾಧಾನ ಮಾಡಿಕೊಂಡೆವು.

ಜಯಂತಿಯ ಹಿಂದಿನ ರಾತ್ರಿ ಹಾಡುಗಳು ಆರಂಭವಾದವು. ಮಕ್ಕಳೆಲ್ಲರೂ ಮರದ ಮುಂದೆ ಸಾಲಾಗಿ ನಿಂತರು. ಎರಡನೆಯ ಹಾಡಿನಲ್ಲಿ ಸಭೆಯ ಹಿರಿಯಮ್ಮನವರು ಎದ್ದು ನಮ್ಮ ಹತ್ತಿರ ಬಂದು, “ಅಯ್ಯನವರೇ, ಒಂದು ಮಗು ಗೋಡೆಯ ಕಡೆ ಮುಖಮಾಡಿಕೊಂಡು ಹಾಡುತ್ತಿದೆ” ಎಂದು ಮೆಲ್ಲಗೆ ಹೇಳಿದರು. ಹೋಗಿ ನೋಡಿದೆವು. ಆ ಹುಡುಗಿಯು ಮರಕ್ಕೂ ಗೋಡೆಗೂ ನಡುವಣ ಸಂದಿಯಲ್ಲಿ ಒತ್ತಿಕೊಂಡು ನಿಂತು, ತನ್ನ ನಕ್ಷತ್ರವು ಯಾವ ಕಡೆ ನೋಡುತ್ತಿತ್ತೋ ಆ ಕಡೆಗೇ ನೋಡಿಕೊಂಡು ಹಾಡುತ್ತಿದ್ದಳು. ಅಳುತ್ತಿರಲಿಲ್ಲ. ಎಲ್ಲರೂ ಮರವನ್ನು ನೋಡಿ ಹಾಡಬೇಕೆಂದು ನಾವೇ ಹೇಳಿಕೊಟ್ಟಿದ್ದೆವು. ಅವಳ ಮರವು ಅಲ್ಲಿತ್ತು.

ಪ್ರಿಯರೇ, ದೇವರು ಆಡಿನ ಕೂದಲಿನ ಪರದೆಯನ್ನು ನಡುವೆ ಇಟ್ಟದ್ದು ಗುಡಾರಕ್ಕೆ ಹೊದಿಕೆ ಬೇಕಾದದರಿಂದ. ನಾವು ಆ ನಕ್ಷತ್ರವನ್ನು ಹಿಂದೆ ಇಟ್ಟದ್ದು ನಮಗೆ ನಾಚಿಕೆಯಾದದರಿಂದ. ಎರಡೂ ಮರೆಯೇ, ಆದರೆ ಒಂದು ದೇವರ ಕೆಲಸ, ಇನ್ನೊಂದು ನಮ್ಮ ಪಾಪ. ನಾವು ನಮ್ಮ ಪಾಪಕ್ಕೆ ದೇವರ ಕೆಲಸದ ಹೆಸರನ್ನು ಅಂಟಿಸಿದೆವು. ಛತ್ರದಲ್ಲಿ ಸ್ಥಳವಿಲ್ಲವೆಂದು ದನದ ಕೊಟ್ಟಿಗೆಗೆ ತೋರಿಸಿದವನೂ ಅತಿಥಿಗಳನ್ನೇ ಎಣಿಸುತ್ತಿದ್ದನೋ ಏನೋ.

ಹಾಡು ಮುಗಿಯುವ ತನಕ ನಾವು ಕಾಯಲಿಲ್ಲ. ಉಪದೇಶಿಯವರೂ ನಾವೂ ಮರಳಿನ ಡಬ್ಬಿಯನ್ನು ಹಿಡಿದು ಮರವನ್ನು ಅರ್ಧ ಸುತ್ತು ತಿರುಗಿಸಿದೆವು. ಅವಸರದಲ್ಲಿ ಎರಡು ಹೊಳೆಯುವ ಗುಂಡುಗಳು ಬಿದ್ದು ಉರುಳಿದವು; ತಂದುಕೊಟ್ಟ ಮನೆಯ ಯಜಮಾನರೇ ಬಗ್ಗಿ ಹೆಕ್ಕಿಕೊಂಡು, ಎಲ್ಲಿ ಕಟ್ಟಲಿ ಎಂದು ಆ ಹುಡುಗಿಯನ್ನು ಕೇಳಿದರು. ಅವಳು ತೋರಿಸಿದ ಕಡೆ ಕಟ್ಟಿದರು. ಅವಳ ತಾಯಿ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮರುದಿನ ಆರಾಧನೆಯಾದ ಮೇಲೆ ನಾವು ಅವರ ಗುಡಿಸಲಿಗೆ ಹೋಗಿ ಆ ತಾಯಿಯ ಕ್ಷಮೆ ಬೇಡಿದೆವು. ಯಾತಕ್ಕೆಂದು ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ. ಕಡೆಗೆ ರಾಗಿಯ ಅಂಬಲಿಯನ್ನು ತಂದು ಕೊಟ್ಟಳು. ಕುಡಿದು ಬಂದೆವು.

ಜನವರಿ ೬ ಕಳೆದ ಬಳಿಕ ಅಲಂಕಾರಗಳನ್ನು ಬಿಚ್ಚಿ ಬೇವಿನ ಸೊಪ್ಪು ಹಾಕಿ ತಗಡಿನ ಪೆಟ್ಟಿಗೆಯಲ್ಲಿ ಇಟ್ಟೆವು. ಮುಂದಿನ ಆಗಮನ ಕಾಲದಲ್ಲಿ ತೆರೆದು ನೋಡಿದರೆ ಗಂಜಿಯ ವಾಸನೆಗೆ ಜಿರಲೆಗಳು ಸೇರಿ ಆ ನಕ್ಷತ್ರವನ್ನು ಹೆಚ್ಚುಕಡಿಮೆ ತಿಂದುಬಿಟ್ಟಿದ್ದವು. ಇದನ್ನು ಹೇಗೆ ತಿಳಿಸುವದೆಂದು ನಾವು ಚಿಂತಿಸುತ್ತಿರಲಾಗಿ ಹುಡುಗಿಯು ತಾನಾಗಿಯೇ ಹೊಸದೊಂದನ್ನು ಹಿಡಿದುಕೊಂಡು ಬಂದಳು. ಅದಕ್ಕೆ ಆರು ಮೂಲೆಗಳಿದ್ದವು.